ಹಳತೆಂಬ ಮಾತು

ಹಳತು ಎಂಬ ಮಾತಿಗೆ ನಮ್ಮ ಬಾಳಿನಲ್ಲಿ ಎರಡು ಬೆಲೆಗಳಿವೆ. ಹಳೆಯ ಅಂಗಿ, ಹಳೆಯ ಸುದ್ದಿ, ಹಳೆಯ ಪಂಚಾಂಗ ಇವುಗಳನ್ನು ಕೇಳುವವರಿಲ್ಲ. ಹಳೆಯ ಅಕ್ಕಿ, ಹಳೆಯ ಹುಣಿಸೆಹಣ್ಣು, ಹಳೆಯ ಸ್ನೇಹ ಇವುಗಳಿಗೆ ಹೊಸತಕ್ಕಿಂತ ಮನ್ನಣೆ ಹೆಚ್ಚು. ಅಂಗಡಿಯವನು ಮೂಟೆಗೆ ಕೈಹಾಕಿ ಒಂದು ಹಿಡಿ ಅಕ್ಕಿಯನ್ನೆತ್ತಿ, "ಹಳೇ ಅಕ್ಕಿ ಸ್ವಾಮಿ, ವರ್ಷ ದಾಟಿದೆ" ಎಂದನೆಂದರೆ ನಾವು ಚೌಕಾಸಿ ಮಾಡದೆ ನಾಲ್ಕು ಕಾಸು ಹೆಚ್ಚಿಗೆ ಕೊಟ್ಟು ತರುತ್ತೇವೆ. ಆ ಹೆಚ್ಚಿನ ಹಣ ಯಾವುದಕ್ಕೆ? ಅಕ್ಕಿಯ ತೂಕವೇನೂ ಹೆಚ್ಚಿಲ್ಲ. ಯಾರೋ ಒಬ್ಬರು ಒಂದು ವರ್ಷ ಅದನ್ನು ಮಾರದೆ, ಹುಳು ಹಿಡಿಯದಂತೆ ನೋಡಿಕೊಂಡು, ಕಾದರಲ್ಲ, ಅದಕ್ಕೆ ಆ ಹಣ. ಎಂದರೆ ನಾವು ಅಕ್ಕಿಯ ಜೊತೆಗೆ ಒಂದು ವರ್ಷವನ್ನೂ ಕೊಂಡು ತಂದೆವು. ಆದರೆ ಆ ವರ್ಷವನ್ನು ನಾವು ಕಣ್ಣಿನಿಂದ ಕಾಣಲಿಲ್ಲ. ಕಂಡದ್ದು ಅಕ್ಕಿಯನ್ನು, ಕೇಳಿದ್ದು ಅಂಗಡಿಯವನ ಮಾತನ್ನು.

ಇಲ್ಲಿ ಒಂದು ಧರ್ಮಸೂಕ್ಷ್ಮ ಅಡಗಿದೆ ಎಂದು ನನಗೆ ಬಹುದಿನಗಳಿಂದ ಅನ್ನಿಸುತ್ತಿತ್ತು. ಕಾಲವನ್ನು ಮಾರಬಹುದೆ? ಮಾರುವುದಾದರೆ ಅದನ್ನು ತೂಗಿ ಕೊಡುವುದು ಹೇಗೆ? ಕಾಲ ಮಾಡುವ ಕೆಲಸವನ್ನು ಬೇರೊಂದು ಉಪಾಯದಿಂದ ಒಂದೇ ದಿನದಲ್ಲಿ ಮಾಡಿಸಿದರೆ, ಫಲ ಒಂದೇ ಆದಾಗ, ದಾರಿ ಬೇರೆಯಾದುದರಿಂದ ನಷ್ಟವೇನು? ಈ ಪ್ರಶ್ನೆಗಳನ್ನು ಅಕ್ಕಿಯ ಮೂಟೆಯ ಮುಂದೆ ನಿಂತು ಬಿಡಿಸುವುದು ಕಷ್ಟ. ಏಕೆಂದರೆ ಅಕ್ಕಿ ಅನ್ನವಾದ ಕೂಡಲೆ ತನ್ನ ವಯಸ್ಸನ್ನು ತಾನೇ ಹೇಳಿಬಿಡುತ್ತದೆ. ನನ್ನ ಪಾಲಿಗೆ ಈ ಪ್ರಶ್ನೆ ಸ್ಪಷ್ಟವಾದದ್ದು ಒಂದು ಜಪಾನೀ ಮದ್ಯದ ಸೀಸೆಯಿಂದ. ಓದುಗರು ಹುಬ್ಬೇರಿಸಬಾರದು. ನಾನು ಕುಡಿಯುವವನಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಹತ್ತಿರದಿಂದ ಕಂಡವನು. ಈ ಬರಹ ಅದರ ಪರವಾದ ವಕಾಲತ್ತೂ ಅಲ್ಲ. ಸೀಸೆಯೊಳಗಿನದು ನನಗೆ ಬೇಕಾಗಿರಲಿಲ್ಲವಾದ್ದರಿಂದಲೇ ಅದರ ಮೇಲಿನ ಮಾತು ನನಗೆ ಪೂರ್ತಿಯಾಗಿ ದಕ್ಕಿತು. ಮಾತಿನ ಗೊಡವೆ ನನ್ನ ಕಸುಬು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಓಸಾಕಾದಲ್ಲಿ ಕೆಲಸದಲ್ಲಿದ್ದಾನೆ. ರಜಕ್ಕೆ ಊರಿಗೆ ಬಂದವನು ಮನೆಗೆ ಬಂದು, ನಮ್ಮ ಮನೆಯವರಿಗೆ ಒಂದು ಬೀಸಣಿಗೆ, ನನಗೆ ಒಂದು ಲೇಖನಿ ಕೊಟ್ಟ. ಅವನ ಚೀಲದಲ್ಲಿ ಬೇರೆ ಯಾರಿಗೋ ತಂದ ಒಂದು ಸೀಸೆ ಇತ್ತು. ಚೀಲ ತೆರೆದಾಗ ಕಣ್ಣಿಗೆ ಬಿತ್ತು. ಹುಡುಗ ನಾಚಿಕೊಂಡ. "ನಿಮಗಲ್ಲ ಸಾರ್, ನಮ್ಮ ಆಫೀಸಿನವರೊಬ್ಬರಿಗೆ" ಎಂದ. ಮುಚ್ಚಿಡುವುದೇನು, ಮೇಲೆ ಬರೆದಿರುವುದನ್ನಾದರೂ ಓದಿ ಹೇಳಪ್ಪ ಎಂದೆ. ಅವನು ಬೆರಳಿಟ್ಟು ಓದಿದ: "ಇದು ಉಮೆಶು ಸಾರ್. ವರ್ಷಗಟ್ಟಲೆ ಇಟ್ಟು ಹಣ್ಣಾಗಿಸಿದ ಉಮೆಶುವಿಗೆ, ಹಾಗೆಯೇ ಇಟ್ಟ ಶೋಚುವನ್ನು ಬೆರೆಸಿದ್ದು. ಪ್ರೀಮಿಯಂ ಅಂತ ಹಾಕಿದ್ದಾರೆ, ಬೆಲೆ ಜಾಸ್ತಿ."

ಉಮೆ ಎಂದ ಕೂಡಲೆ ನಮಗೆ ನೆನಪಾಗುವವಳು ಪರ್ವತರಾಜನ ಮಗಳು. ಜಪಾನಿನಲ್ಲಿ ಅದು ಒಂದು ಹಣ್ಣು. ಇಂಗ್ಲಿಷಿನವರು ಅದನ್ನು ಪ್ಲಮ್ ಎಂದು ಕರೆದರೂ ಸಸ್ಯಶಾಸ್ತ್ರದ ಪ್ರಕಾರ ಅದು ಜರ್ದಾಳು ಹಣ್ಣಿಗೆ ಹತ್ತಿರದ ನೆಂಟ. ಚಳಿ ಇನ್ನೂ ಮುಗಿಯದಿರುವಾಗಲೇ ಮರ ಹೂ ಬಿಡುತ್ತದೆ. ಎಂಟನೆಯ ಶತಮಾನದ ಅವರ ಕವಿತಾಸಂಗ್ರಹವಾದ ಮಾನ್ಯೋಶೂದಲ್ಲಿ, ಇಂದು ಜಗತ್ಪ್ರಸಿದ್ಧವಾದ ಚೆರಿಯ ಹೂವಿಗಿಂತ ಉಮೆಯ ಹೂವನ್ನು ಕುರಿತ ಪದ್ಯಗಳೇ ಹೆಚ್ಚು. ಹಣ್ಣು ಕೈಗೆ ಬರುವುದು ಜೂನ್ ತಿಂಗಳಲ್ಲಿ, ಮಳೆ ಹಿಡಿಯುವ ಹೊತ್ತಿಗೆ. ನಮ್ಮಲ್ಲಿ ಮಾವಿನ ಹೊಯ್ಲು ಎನ್ನುವ ಹಾಗೆ ಅವರು ಆ ಮಳೆಗಾಲದ ಹೆಸರನ್ನು ಬರೆಯುವುದೇ ಉಮೆ ಮತ್ತು ಮಳೆ ಎಂಬ ಎರಡು ಅಕ್ಷರಗಳಿಂದ. ದೇಶದ ಬೆಳೆಯಲ್ಲಿ ಅರ್ಧಕ್ಕೂ ಹೆಚ್ಚು ಬರುವುದು ವಕಾಯಾಮ ಎಂಬ ಒಂದೇ ಪ್ರಾಂತದಿಂದ. ಅಲ್ಲಿನ ಮಿನಾಬೆ, ತನಾಬೆ ಊರುಗಳ ಉಮೆಯ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ೨೦೧೫ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಸಾಲಿಗೆ ಸೇರಿಸಿತು.

ಈ ಕಾಯಿಯನ್ನು ಹಸಿಯಾಗಿ ತಿನ್ನುವಂತಿಲ್ಲ, ಅಷ್ಟು ಹುಳಿ. ಒಂದು ಭಾಗವನ್ನು ಉಪ್ಪಿನಲ್ಲಿ ಹಾಕಿ ಬಿಸಿಲಿಗೊಣಗಿಸಿ ಉಪ್ಪಿನಕಾಯಿ ಮಾಡುತ್ತಾರೆ. ಇನ್ನೊಂದು ಭಾಗವನ್ನು ಮದ್ಯದಲ್ಲಿ ಹಾಕುತ್ತಾರೆ. ಅದೇ ಉಮೆಶು. ಪ್ಲಮ್ ವೈನ್ ಎಂಬ ಇಂಗ್ಲಿಷ್ ಹೆಸರು ಅದಕ್ಕೆ ಒಪ್ಪುವುದಿಲ್ಲ. ದ್ರಾಕ್ಷಿಯ ಹಾಗೆ ಹಣ್ಣು ಹುಳಿತು ತಾನೇ ಮದ್ಯವಾಗುವುದು ಇಲ್ಲಿಲ್ಲ. ಆಗಲೇ ಭಟ್ಟಿ ಇಳಿಸಿದ ಮದ್ಯದಲ್ಲಿ ಹಣ್ಣು ನೆನೆಯುತ್ತದೆ, ಅಷ್ಟೆ. ೧೬೯೭ರ ಹೊತ್ತಿಗೇ ಒಂದು ಆಹಾರಗ್ರಂಥದಲ್ಲಿ ಇದರ ಪ್ರಸ್ತಾಪವಿದೆ. ಮನೆಯಲ್ಲಿ ಮಾಡುವ ಕ್ರಮ ನಮ್ಮ ಮಿಡಿ ಉಪ್ಪಿನಕಾಯಿಯ ಸಂಭ್ರಮವನ್ನು ನೆನಪಿಗೆ ತರುವಂಥದು. ಒಂದು ಕಿಲೋ ಹಸಿರು ಉಮೆಯನ್ನು ತೊಳೆದು, ನೀರಾರಿಸಿ, ತೊಟ್ಟಿನ ಚೂರನ್ನು ಬಿದಿರಿನ ಕಡ್ಡಿಯಿಂದ ಕಿತ್ತು, ಗಾಜಿನ ಜಾಡಿಯಲ್ಲಿ ಕಾಯಿಯೊಂದು ಪದರ, ಕಲ್ಲುಸಕ್ಕರೆಯೊಂದು ಪದರ ಹಾಕಿ, ಮೇಲೆ ೧.೮ ಲೀಟರು ಮದ್ಯ ಸುರಿದು ಮುಚ್ಚಿಡುತ್ತಾರೆ. ಸಕ್ಕರೆ ಅರ್ಧ ಕಿಲೋದಿಂದ ಒಂದು ಕಿಲೋದವರೆಗೆ, ಅವರವರ ನಾಲಗೆಗೆ ತಕ್ಕಂತೆ. ಕಲ್ಲುಸಕ್ಕರೆ ನಿಧಾನವಾಗಿ ಕರಗುವುದೇ ಇಲ್ಲಿನ ಗುಟ್ಟು. ಮೊದಲು ಮದ್ಯ ಕಾಯಿಯೊಳಕ್ಕೆ ಇಳಿಯುತ್ತದೆ. ಆಮೇಲೆ ಹೊರಗೆ ಸಿಹಿ ಏರುತ್ತ ಹೋದಂತೆ ಕಾಯಿಯ ರಸ ತಾನಾಗಿ ಹೊರಕ್ಕೆ ಬರುತ್ತದೆ. ಅವಸರ ಮಾಡಿ ಪುಡಿಸಕ್ಕರೆ ಸುರಿದರೆ ಈ ಲಯ ಕೆಡುತ್ತದೆ.

ಮೂರು ತಿಂಗಳಿಗೆ ಕುಡಿಯುವ ಹದ. ಒಂದು ವರ್ಷಕ್ಕೆ ಹಣ್ಣಾದ ಹದ. ಅಲ್ಲಿಂದ ಮುಂದೆ ಕಾಲದ ಕೆಲಸ. ತಿಳಿಯಾಗಿದ್ದದ್ದು ಹೊಂಬಣ್ಣಕ್ಕೆ, ಹೊಂಬಣ್ಣದಿಂದ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಗೊರಟೆಯಿಂದ ಬಾದಾಮಿಯ ವಾಸನೆ ಇಳಿಯುತ್ತದೆ. ಹುಳಿ, ಸಿಹಿ, ಖಾರ ಮೂರೂ ತಮ್ಮ ತಮ್ಮ ಮೂಲೆ ಬಿಟ್ಟು ಒಂದಾಗುತ್ತವೆ. ಮನೆಯಲ್ಲಿ ಹೀಗೆ ಮಾಡಿಕೊಳ್ಳಲು ಕಾನೂನಿನ ಒಪ್ಪಿಗೆ ದೊರೆತದ್ದು ೧೯೬೨ರಲ್ಲಿ ಮದ್ಯತೆರಿಗೆಯ ಶಾಸನವನ್ನು ತಿದ್ದಿದ ಮೇಲೆ. ಮನೆಯವರು ಕುಡಿಯಬಹುದು, ಮಾರಕೂಡದು ಎಂಬ ಕಟ್ಟಿನ ಮೇಲೆ. ಈ ಕಟ್ಟು ನನಗೆ ಅರ್ಥವತ್ತಾಗಿ ತೋರುತ್ತದೆ. ಮನೆಯ ಜಾಡಿಯ ಮೇಲೆ ಇಸವಿ ಬರೆದವರೂ ಅದನ್ನು ಓದುವವರೂ ಒಂದೇ ಸಂಸಾರದವರು. ಸುಳ್ಳು ಬರೆದರೆ ಮೋಸಹೋಗುವವರು ತಾವೇ. ಜಾಡಿ ಹೊಸಿಲು ದಾಟಿ ಅಂಗಡಿಗೆ ಬಂದಾಗಲೇ ಬರೆದವನು ಬೇರೆ, ಓದುವವನು ಬೇರೆ ಆಗುತ್ತಾರೆ. ಆಗಲೇ ಸುಳ್ಳಿಗೆ ಲಾಭ ಹುಟ್ಟುತ್ತದೆ.

ಅಂಗಡಿಯ ಉಮೆಶುವಿನಲ್ಲಿ ಹಣ್ಣನ್ನು ಕಡಿಮೆ ಹಾಕಿ, ಹುಳಿಗೆ ಆಮ್ಲ, ವಾಸನೆಗೆ ಸುಗಂಧ, ವಯಸ್ಸಿನ ಛಾಯೆಗೆ ಬಣ್ಣ ಬೆರೆಸುವ ಬಗೆ ಬಳಕೆಗೆ ಬಂತು. ಕಾನೂನು ಅದನ್ನು ತಡೆಯುವುದಿಲ್ಲ. ಅದನ್ನೂ ಉಮೆಶು ಎಂದೇ ಮಾರಬಹುದು. ಹಾಗಾದರೆ ಬರಿಯ ಹಣ್ಣು, ಸಕ್ಕರೆ, ಮದ್ಯಗಳಿಂದ ಮಾಡಿದವನ ಗತಿಯೇನು? ಈ ಗೊಂದಲ ಪರಿಹರಿಸಲು ಜಪಾನಿನ ಮದ್ಯೋತ್ಪಾದಕರ ಸಂಘವೇ ೨೦೧೫ರಲ್ಲಿ ಒಂದು ಕಟ್ಟಳೆ ಮಾಡಿಕೊಂಡಿತು: ಈ ಮೂರರ ಹೊರತು ಆಮ್ಲ, ಬಣ್ಣ, ಸುಗಂಧ ಯಾವುದನ್ನೂ ಸೇರಿಸದ್ದು ಮಾತ್ರ 'ಹೊಂಕಾಕು ಉಮೆಶು' ಎನ್ನಿಸಿಕೊಳ್ಳಬೇಕು. ಒಳ್ಳೆಯ ಕಟ್ಟಳೆಯೇ. ಆದರೆ ಅದು ಒಳಗೆ ಏನು ಸೇರಿದೆ ಎಂಬುದನ್ನು ಹೇಳುತ್ತದೆ. ಎಷ್ಟು ಕಾಲ ಕಾದಿದೆ ಎಂಬುದನ್ನು ಹೇಳುವುದಿಲ್ಲ.

ಈ ವಿಚಾರವನ್ನು ನಾನು ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಎತ್ತಿದೆ. ರಸಾಯನಶಾಸ್ತ್ರದ ಗೆಳೆಯರೊಬ್ಬರು ನಕ್ಕರು. ಅವರ ವಾದ ಸರಳವಾಗಿತ್ತು, ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. "ಕಾಲ ಎನ್ನುವುದು ಒಂದು ವಸ್ತುವಲ್ಲ ಮಹರಾಯರೆ. ಕಾಲದಲ್ಲಿ ನಡೆಯುವುದು ಕೆಲವು ಅಣುಗಳ ಬದಲಾವಣೆ. ಆ ಅಣುಗಳನ್ನೇ ನಾನು ಇಂದು ತಂದು ಹಾಕಿದರೆ ಒಳಗಿರುವುದು ಅದೇ. ನಾಲಗೆಗೆ ತಿಳಿಯದ ವ್ಯತ್ಯಾಸ ವ್ಯತ್ಯಾಸವೇ ಅಲ್ಲ. ಇನ್ನೊಂದು ಮಾತು: ಮೂರು ವರ್ಷ ಕಾದದ್ದನ್ನು ಕೊಳ್ಳುವವನು ಸಿರಿವಂತ. ಅದೇ ರುಚಿಯನ್ನು ಬಡ ಗುಮಾಸ್ತನಿಗೆ ಕಾಲು ಬೆಲೆಗೆ ಕೊಟ್ಟರೆ ಪುಣ್ಯವೋ ಪಾಪವೋ?" ಪಕ್ಕದಲ್ಲಿದ್ದ ಅರ್ಥಶಾಸ್ತ್ರದವರು ತಲೆಯಾಡಿಸಿದರು.

ಅವರ ಮಾತಿನಲ್ಲಿ ನ್ಯಾಯವಿದೆ. ಅಗ್ಗದ ಉಮೆಶು ಮಾಡುವುದು ತಪ್ಪೆಂದು ನಾನು ಹೇಳಲಾರೆ. ಎರಡು ಲೋಟಗಳಲ್ಲಿ ಇರುವುದು ಒಂದೇ ದ್ರವವೆಂದು ಒಪ್ಪೋಣ. ಆದರೆ ಎರಡು ಸೀಸೆಗಳ ಮೇಲೂ 'ಮೂರು ವರ್ಷ ಹಣ್ಣಾದದ್ದು' ಎಂದು ಬರೆದಿದ್ದರೆ, ಒಂದರ ಮೇಲಿನದು ನಿಜ, ಇನ್ನೊಂದರ ಮೇಲಿನದು ಸುಳ್ಳು. ದ್ರವ ಒಂದೇ ಆದುದರಿಂದ ಸುಳ್ಳು ನಿಜವಾಗುವುದಿಲ್ಲ. ಏಕೆಂದರೆ ಆ ಮಾತು ದ್ರವದ ವಿಷಯ ಹೇಳುತ್ತಿಲ್ಲ, ನಡೆದುಹೋದ ಸಂಗತಿಯೊಂದನ್ನು ಹೇಳುತ್ತಿದೆ. ಪ್ರೀಮಿಯಂ ಎಂಬ ಮಾತಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಪ್ರೀಮಿಯಂ ಎಂಬುದು ಹೊಗಳಿಕೆ. ಅದಕ್ಕೆ ಅಳತೆಯಿಲ್ಲ, ತನ್ನ ಮಗಳು ಚೆಲುವೆ ಎಂದು ತಾಯಿ ಹೇಳಿದಂತೆ, ಕೇಳಿದವರು ತಮಗೆ ತೋರಿದಷ್ಟು ನಂಬಿಕೊಳ್ಳಬಹುದು. ಮೂರು ವರ್ಷ ಎಂಬುದು ಸಾಕ್ಷ್ಯ. ಅದು ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಆಡುವ ಜಾತಿಯ ಮಾತು. ನಾಲಗೆ ಅದನ್ನು ಪರೀಕ್ಷಿಸಲಾರದು ಎಂಬುದೇ ಅದನ್ನಾಡುವವನ ಹೊಣೆಯನ್ನು ಹೆಚ್ಚಿಸುತ್ತದೆ. ಪರೀಕ್ಷೆಗೆ ಸಿಕ್ಕುವ ಮಾತಿನಲ್ಲಿ ಸುಳ್ಳಾಡಿದವನು ಬರಿಯ ದಡ್ಡ. ಪರೀಕ್ಷೆಗೆ ಸಿಕ್ಕದ ಮಾತಿನಲ್ಲಿ ಸುಳ್ಳಾಡಿದವನು ನಂಬಿಕೆಯನ್ನು ಕದ್ದವನು.

ಕಣ್ಣನ್ನು ನಂಬೋಣವೆಂದರೆ ಅದೂ ಆಗದು. ಇದಕ್ಕೆ ಶೋಚುವಿನಲ್ಲೇ ಒಂದು ಸೋಜಿಗದ ನಿದರ್ಶನವಿದೆ. ಶೋಚು ಜಪಾನಿನ ಭಟ್ಟಿಮದ್ಯ. ಕಾಗೋಶಿಮಾದಲ್ಲಿ ಗೆಣಸಿನಿಂದ, ಓಯಿತಾದಲ್ಲಿ ಬಾರ್ಲಿಯಿಂದ, ಕುಮಾಮೊಟೊದಲ್ಲಿ ಅಕ್ಕಿಯಿಂದ, ಅಮಾಮಿ ದ್ವೀಪಗಳಲ್ಲಿ ಕರಿಬೆಲ್ಲದಿಂದ ಅದನ್ನು ಇಳಿಸುತ್ತಾರೆ. ಇಳಿಸಿದಾಗ ನೀರಿನಂತೆ ತಿಳಿ. ಓಕ್ ಮರದ ಪೀಪಾಯಿಯಲ್ಲಿ ಇಟ್ಟರೆ ವರ್ಷಗಳು ಕಳೆದಂತೆ ಮರದ ಬಣ್ಣ ಏರುತ್ತದೆ. ಆದರೆ ಅದು ವಿಸ್ಕಿಯ ಹಾಗೆ ಕಾಣಬಾರದೆಂದು ತೆರಿಗೆಯ ನಿಯಮ ಬಣ್ಣಕ್ಕೆ ಒಂದು ಮೇರೆ ಹಾಕಿದೆ. ಮೇರೆ ಮೀರಿದರೆ ಸೋಸಿ ಬಣ್ಣ ತೆಗೆಯಬೇಕು, ಇಲ್ಲವೆ ತಿಳಿಯಾದ ಶೋಚುವನ್ನು ಬೆರೆಸಿ ತೆಳುವಾಗಿಸಬೇಕು, ಅದೂ ಬೇಡವಾದರೆ ಶೋಚು ಎಂಬ ಹೆಸರನ್ನು ಬಿಡಬೇಕು. ನೋಡಿ ಹೇಗಿದೆ! ಒಂದು ಕಡೆ ಎಳೆಯ ಉಮೆಶುವಿಗೆ ಬಣ್ಣ ಹಚ್ಚಿ ಮುದುಕನ ವೇಷ ಹಾಕುತ್ತಾರೆ. ಇನ್ನೊಂದು ಕಡೆ ನಿಜವಾಗಿ ಹಣ್ಣಾದ ಶೋಚುವಿನ ನೆರೆಗೂದಲನ್ನು ಬೋಳಿಸುತ್ತಾರೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಕಣ್ಣು ಎಳೆಯದಕ್ಕೆ ಕೈಮುಗಿದೀತು. ಕಣ್ಣೂ ನಾಲಗೆಯೂ ಕೈಬಿಟ್ಟ ಮೇಲೆ ಉಳಿಯುವುದು ಮಾತೊಂದೇ.

ಅಗ್ಗದ ವಿಷಯಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕು. ಕಾಯುವುದು ಪುಕ್ಕಟೆಯ ಕೆಲಸವಲ್ಲ. ಜಾಗ ಬೇಕು, ಜಾಡಿ ಬೇಕು. ಆವಿಯಾಗಿ ಹೋಗುವ ಪಾಲನ್ನು ಸಹಿಸಬೇಕು. ಮಾರಿ ಹಣ ಮಾಡಬಹುದಾದದ್ದನ್ನು ಮೂರು ವರ್ಷ ಮುಟ್ಟದೆ ಇರಬೇಕು. ಕಾಯದವನಿಗೂ ಅದೇ ಹೆಸರು, ಅದೇ ಬೆಲೆ ಸಿಕ್ಕುವುದಾದರೆ ಕಾಯುವವನು ಎಷ್ಟು ದಿನ ತಡೆದಾನು? ಒಂದು ತಲೆಮಾರು ಕಳೆಯುವಷ್ಟರಲ್ಲಿ ಕಾಯುವವರು ಇಲ್ಲವಾಗುತ್ತಾರೆ. ಆಗ ನನ್ನ ರಸಾಯನದ ಗೆಳೆಯರು ಯಾವ ರುಚಿಯನ್ನು ನೋಡಿ ತಮ್ಮ ಅಣುಗಳನ್ನು ಹೊಂದಿಸುತ್ತಾರೆ? ನಕಲಿಗೂ ಎದುರಿಗೊಂದು ಅಸಲು ಬೇಕು. ಬಡ ಗುಮಾಸ್ತನಿಗೆ ಅಗ್ಗದ್ದನ್ನು ಅಗ್ಗದ ಹೆಸರಿನಲ್ಲೇ ಕೊಡಿ. ಅವನಿಗೆ ಅದರಿಂದ ಅವಮಾನವಿಲ್ಲ. ಸುಳ್ಳು ಹೆಸರಿನಿಂದ ಕೊಟ್ಟರೆ ಅವನಿಗೆ ಮೋಸ, ಕಾದವನಿಗೂ ಮೋಸ.

ಇಷ್ಟಕ್ಕೆ ಮುಗಿಯಲಿಲ್ಲ. ನನ್ನ ಶಿಷ್ಯನ ಸೀಸೆಯಲ್ಲಿದ್ದದ್ದು ಬೆರಕೆ. ಬೆರಕೆ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಮೂಗು ಮುರಿದೇ ಆಡುತ್ತೇವೆ. ಹಾಲಿಗೆ ನೀರು, ಮೆಣಸಿಗೆ ಪಪ್ಪಾಯಿ ಬೀಜ ನೆನಪಾಗುತ್ತವೆ. ಹಾಗಾದರೆ ಶುದ್ಧ ಉಮೆಶುವೇ ಮೇಲು, ಶೋಚು ಸೇರಿದ್ದು ಕೀಳು ಎನ್ನೋಣವೆ? ಈ ಪ್ರಶ್ನೆ ಕನ್ನಡದ ಅಧ್ಯಾಪಕನಿಗೆ ಅಪರಿಚಿತವಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಿಂದ ಹಿಡಿದು ನಮ್ಮವರು ಕೇಳಿಕೊಂಡು ಬಂದ ಪ್ರಶ್ನೆ ಇದು: ಕನ್ನಡಕ್ಕೆ ಸಂಸ್ಕೃತವನ್ನು ಬೆರೆಸುವುದು ಸರಿಯೆ? ಎರಡರ ಗುಣವನ್ನೂ ಅರಿಯದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದ ಹಾಗೆ ಕೆಡುತ್ತದೆ ಎಂಬುದು ಆ ಗ್ರಂಥದ ಎಚ್ಚರಿಕೆ. ಹನ್ನೆರಡನೆಯ ಶತಮಾನದ ನಯಸೇನ ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವ ಹೋಲಿಕೆ ಕೊಟ್ಟು ಗದರಿದ. ಇಬ್ಬರೂ ಬೆರಕೆಯನ್ನು ಬೈದಂತೆ ತೋರುತ್ತದೆ. ನಿಧಾನಿಸಿ ನೋಡಿದರೆ ಮೊದಲನೆಯ ಹೋಲಿಕೆ ಅರಿಯದೆ ಬೆರೆಸುವುದನ್ನು ಬೈಯುತ್ತದೆ. ಅದೇ ಮಜ್ಜಿಗೆಯನ್ನು ಹಾಲು ಆರಿದ ಮೇಲೆ, ಹದವರಿತು ಹಾಕಿದರೆ ಕೆಡುವುದಿಲ್ಲ, ಮೊಸರಾಗುತ್ತದೆ. ಎರಡನೆಯ ಹೋಲಿಕೆಯಂತೂ ಇಂದಿನ ಪೇಟೆಯ ಬೀದಿಗೇ ಒಪ್ಪುತ್ತದೆ: ಎಣ್ಣೆ ಬೆರೆಸಿದ ತುಪ್ಪವನ್ನು ತುಪ್ಪವೆಂದು ಮಾರುವುದು ಕಲಬೆರಕೆ.

ಉಮೆಶು ಹುಟ್ಟಿದ್ದೇ ಬೆರಕೆಯಿಂದ. ಹಣ್ಣು ಒಂದೆಡೆಯದು, ಸಕ್ಕರೆ ಇನ್ನೊಂದೆಡೆಯದು, ಮದ್ಯ ಮತ್ತೊಂದೆಡೆಯದು. ಅದಕ್ಕೆ ಹಣ್ಣಾದ ಶೋಚು ಸೇರಿದರೆ ಸಿಹಿಯ ಅತಿ ತಗ್ಗಿ ಕಸುವು ಕೂಡುತ್ತದೆ. ಅರಿತು ಬೆರೆಸಿ, ಬೆರೆಸಿದೆನೆಂದು ಬಾಯಿಬಿಟ್ಟು ಹೇಳಿದ ಮೇಲೆ ಅದರಲ್ಲಿ ಮುಚ್ಚಿಟ್ಟದ್ದೇನೂ ಉಳಿಯಲಿಲ್ಲ. ಕಲಬೆರಕೆಯಲ್ಲಿ ಕೆಟ್ಟದ್ದು ಬೆರಕೆಯಲ್ಲ, ಬೆರೆಸಿದವನ ಮೌನ.

ಆದರೆ ಬೆರಕೆಯ ವಯಸ್ಸನ್ನು ಹೇಳುವುದು ಹೇಗೆ? ಐವತ್ತು ವರ್ಷದವನೂ ಐದು ವರ್ಷದವನೂ ಒಂದೇ ಅಂಗಿಯೊಳಗೆ ನಿಂತರೆ ಆ ಅಂಗಿಯ ವಯಸ್ಸೆಷ್ಟು? ಶೋಚುವಿನ ವಿಷಯದಲ್ಲಿ ಜಪಾನಿನ ಕಟ್ಟಳೆ ಹೀಗಿದೆ: ಮೂರು ವರ್ಷ ಅಥವಾ ಹೆಚ್ಚು ಕಾಲ ಇಟ್ಟದ್ದು ಒಟ್ಟಿನ ಅರ್ಧವನ್ನು ಮೀರಿದ್ದರೆ 'ದೀರ್ಘಕಾಲ ಸಂಗ್ರಹಿಸಿದ್ದು' ಎಂದು ಬರೆಯಬಹುದು. ಅರ್ಧದ ಮೇಲೊಂದು ತೊಟ್ಟು ಹಳೆಯದು. ಉಳಿದದ್ದು ನಿನ್ನೆಯದಾದರೂ ಆದೀತು. ಇದು ಸುಳ್ಳೆ? ಕಟ್ಟಳೆ ಬಲ್ಲವನಿಗೆ ಸುಳ್ಳಲ್ಲ. ಕಟ್ಟಳೆಯನ್ನು ಓದಿಕೊಂಡು ಅಂಗಡಿಗೆ ಹೋಗುವವರು ಎಷ್ಟು ಜನ? ಅರ್ಧಸತ್ಯಕ್ಕೆ ಹೀಗೆ ಸರಿಯಾದ ಅಳತೆಯನ್ನೇ ಗೊತ್ತುಮಾಡಿದ್ದು ನೋಡಿ ನನಗೆ ನಗು ಬಂತು. ಧರ್ಮರಾಯನ 'ಅಶ್ವತ್ಥಾಮ ಸತ್ತ' ಎಂಬ ಮಾತಿನಲ್ಲೂ ಅರ್ಧಕ್ಕಿಂತ ಕಡಿಮೆಯೇನೂ ಸತ್ಯವಿರಲಿಲ್ಲ. ಆದರೂ ರಥ ನೆಲಕ್ಕಿಳಿಯಿತು.

ಇನ್ನೊಂದು ಬಗೆಯ ಲೆಕ್ಕವೂ ಇದೆ. ಅದು ಇರುವುದು ಓಕಿನಾವಾ ದ್ವೀಪಗಳಲ್ಲಿ. ಅಲ್ಲಿನ ಶೋಚುವಿಗೆ ಅವಾಮೊರಿ ಎಂದು ಹೆಸರು; ಅಕ್ಕಿಯಿಂದ, ಕರಿಯ ಕೋಜಿ ಎಂಬ ಬೂಷ್ಟಿನ ಸಹಾಯದಿಂದ ಮಾಡುವುದು. ಹಣ್ಣಾದ ಅವಾಮೊರಿಯನ್ನು ಅವರು ಏನೆಂದು ಕರೆಯುತ್ತಾರೆಂದು ಕೇಳಿದರೆ ಕನ್ನಡಿಗರಿಗೆ ನಗು ಬರಬೇಕು: 'ಕೂಸು'! ನಮ್ಮಲ್ಲಿ ಅತ್ಯಂತ ಎಳೆಯದಕ್ಕೆ ಇರುವ ಹೆಸರು ಅಲ್ಲಿ ಅತ್ಯಂತ ಹಳೆಯದಕ್ಕೆ. ಕೂಸಿಗೂ ಒಂದು ಕಾಲಕ್ಕೆ ಅರ್ಧದ ಲೆಕ್ಕವೇ ಇತ್ತು. ೨೦೧೫ರ ಆಗಸ್ಟಿನಿಂದ ಅದನ್ನು ಬಿಗಿಮಾಡಿದರು. ಈಗ ಪೂರ್ತಿಯೂ ಮೂರು ವರ್ಷ ದಾಟಿದ್ದಲ್ಲದೆ ಕೂಸು ಎನ್ನುವಂತಿಲ್ಲ. ಬೇರೆ ಬೇರೆ ವಯಸ್ಸಿನವನ್ನು ಬೆರೆಸಿದರೆ ಅವುಗಳಲ್ಲಿ ಅತ್ಯಂತ ಕಿರಿಯದರ ವಯಸ್ಸನ್ನೇ ಬರೆಯಬೇಕು. ಸ್ಕಾಟ್ಲೆಂಡಿನ ವಿಸ್ಕಿಗೂ ಇದೇ ನಿಯಮ. ಹನ್ನೆರಡು ವರ್ಷದ್ದಕ್ಕೆ ಮೂವತ್ತು ವರ್ಷದ್ದನ್ನು ಎಷ್ಟು ಸುರಿದರೂ ಅದು ಹನ್ನೆರಡು ವರ್ಷದ್ದೇ. ಈ ನಿಯಮವನ್ನು ಮಾಡಿದವರು ತತ್ತ್ವಜ್ಞಾನಿಗಳಲ್ಲ, ವ್ಯಾಪಾರಿಗಳು ಮತ್ತು ಸರಕಾರದ ಅಧಿಕಾರಿಗಳು. ಆದರೂ ವಿನಯ ಎಂಬ ಗುಣಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣವನ್ನು ನಾನು ಕಂಡಿಲ್ಲ: ನಿನ್ನಲ್ಲಿ ಹಳತೆಷ್ಟಿದೆ ಎಂದು ಹೇಳಬೇಕಾದಾಗ ನಿನ್ನ ಅತ್ಯಂತ ಎಳೆಯ ಅಂಶದಿಂದ ಎಣಿಸು.

ಕೂಸನ್ನು ಬೆಳೆಸುವ ಕ್ರಮಕ್ಕೆ ಅಲ್ಲಿ ಶಿತ್ಸುಗಿ ಎನ್ನುತ್ತಾರೆ. ಮನೆಯಲ್ಲಿ ನಾಲ್ಕಾರು ಮಣ್ಣಿನ ಜಾಡಿಗಳನ್ನು ವಯಸ್ಸಿನ ಕ್ರಮದಲ್ಲಿ ಇಟ್ಟಿರುತ್ತಾರೆ. ಹಬ್ಬಕ್ಕೋ ನೆಂಟರಿಗೋ ಅತ್ಯಂತ ಹಳೆಯ ಜಾಡಿಯಿಂದ ಸ್ವಲ್ಪ ತೆಗೆದರೆ, ತೆಗೆದಷ್ಟನ್ನು ಎರಡನೆಯ ಜಾಡಿಯಿಂದ ತುಂಬುತ್ತಾರೆ, ಎರಡನೆಯದನ್ನು ಮೂರನೆಯದರಿಂದ, ಕಡೆಯದಕ್ಕೆ ಹೊಸತು. ಎಳೆಯದು ಮುದಿಯದರ ಜೊತೆ ಸೇರಿ ತಾನೂ ಹಣ್ಣಾಗುತ್ತದೆ. ಮುದಿಯದು ಎಳೆಯದರಿಂದ ಕಸುವು ಪಡೆದು ಸೊರಗದೆ ಉಳಿಯುತ್ತದೆ. ಇಲ್ಲಿ ಕಾಲವೊಂದೇ ಕೆಲಸ ಮಾಡುವುದಿಲ್ಲ. ಒಂದೇ ಸಲಕ್ಕೆ ಹೆಚ್ಚು ತೆಗೆದರೆ ಹಳತು ತೆಳುವಾಗುತ್ತದೆ. ತೆಗೆಯದೆ, ತುಂಬದೆ ಮರೆತುಬಿಟ್ಟರೆ ಜಾಡಿ ಬತ್ತಿ ಹಾಳಾಗುತ್ತದೆ. ಯಾರೋ ಒಬ್ಬರು ಪ್ರತಿ ವರ್ಷ ನೆನಪಿಟ್ಟು ಮುಚ್ಚಳ ತೆಗೆದು, ಮೂಸಿ, ರುಚಿ ನೋಡಿ, ತುಂಬಬೇಕು. ಹಳೆಯದಾಗುವುದಕ್ಕೂ ಹಣ್ಣಾಗುವುದಕ್ಕೂ ನಡುವೆ ಇರುವುದು ಈ ಒಬ್ಬರ ಕೈ.

ಇಂಥ ಜಾಡಿಗಳು ರ್ಯೂಕ್ಯೂ ಅರಸರ ರಾಜಧಾನಿಯಾಗಿದ್ದ ಶುರಿ ಪಟ್ಟಣದಲ್ಲಿ ನೂರು ವರ್ಷ, ಅದಕ್ಕೂ ಮಿಕ್ಕಿ ವಯಸ್ಸಿನವು ಇದ್ದವು. ೧೯೪೫ರ ಏಪ್ರಿಲಿನಿಂದ ಜೂನ್‌ವರೆಗೆ ಓಕಿನಾವಾದಲ್ಲಿ ನಡೆದ ಯುದ್ಧದಲ್ಲಿ ಎರಡು ಲಕ್ಷದಷ್ಟು ಜನ ಸತ್ತರು, ಶುರಿ ನೆಲಸಮವಾಯಿತು. ಅಷ್ಟು ಜನ ಸತ್ತ ಕಡೆ ಒಡೆದ ಜಾಡಿಗಳ ಮಾತೇಕೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಸತ್ತವರ ಲೆಕ್ಕದ ಮುಂದೆ ಅವುಗಳ ಲೆಕ್ಕವಿಲ್ಲ. ಆದರೆ ಆಮೇಲೆ ನಡೆದದ್ದರಲ್ಲಿ ನನ್ನ ಪ್ರಶ್ನೆಗೆ ಒಂದು ಉತ್ತರವಿದೆ. ಯುದ್ಧಕ್ಕೆ ಹತ್ತು ವರ್ಷ ಮುಂಚೆ, ೧೯೩೫ರಲ್ಲಿ, ಸಕಾಗುಚಿ ಕಿನ್‌ಇಚಿರೊ ಎಂಬ ವಿಜ್ಞಾನಿ ಓಕಿನಾವಾದ ಭಟ್ಟಿಗಳಿಂದ ಕರಿಯ ಕೋಜಿಯ ಮಾದರಿಗಳನ್ನು ಸಂಗ್ರಹಿಸಿದ್ದರು. ಅವು ತೋಕಿಯೊ ವಿಶ್ವವಿದ್ಯಾಲಯದಲ್ಲಿ ಉಳಿದುಕೊಂಡಿವೆಯೆಂದು ೧೯೯೮ರಲ್ಲಿ ತಿಳಿದುಬಂತು. ಆ ಬೂಷ್ಟಿಗೆ ಮತ್ತೆ ಜೀವ ಕೊಟ್ಟು, ಯುದ್ಧಪೂರ್ವದ ಕೋಜಿಯಿಂದಲೇ ಶುರಿಯ ಒಂದು ಭಟ್ಟಿಯಲ್ಲಿ ಅವಾಮೊರಿ ಇಳಿಸಿದರು. ಬೀಜ ಮರಳಿ ಬಂತು, ವಿದ್ಯೆ ಮರಳಿ ಬಂತು, ಊರು ಮರಳಿ ಕಟ್ಟಿತು. ನೂರು ವರ್ಷ ಮಾತ್ರ ಮರಳಿ ಬರಲಿಲ್ಲ. ನೂರು ವರ್ಷದ ಕೂಸು ಬೇಕಾದರೆ ೧೯೪೫ರ ನಂತರದವರಿಗೆ ಇದ್ದ ಉಪಾಯ ಒಂದೇ: ಹೊಸ ಜಾಡಿ ತುಂಬಿ ನೂರು ವರ್ಷ ಕಾಯುವುದು. ತುಂಬಿದವರು ಅದರ ರುಚಿ ನೋಡುವುದಿಲ್ಲವೆಂದು ಬಲ್ಲರು. ಬಲ್ಲವರು ತುಂಬಿದರು.

ಕಾಲವೆಂಬುದು ಬರಿಯ ಅಣುಗಳ ಬದಲಾವಣೆ ಎಂದ ಗೆಳೆಯರಿಗೆ ನಾನು ಈ ಸಂಗತಿಯನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣುಗಳ ವಿಷಯದಲ್ಲಿ ನನ್ನ ಮಾತು ನಿಲ್ಲುತ್ತದೆ. ಆದರೆ ಯಾರಾದರೂ ಇಂದು ನೂರು ವರ್ಷದ್ದು ಎಂದು ಚೀಟಿ ಅಂಟಿಸಿದರೆ ಆ ತುಂಬಿದವರಿಗೆ ಅವಮಾನವೇ" ಎಂದರು. ನನಗೆ ಅಷ್ಟು ಒಪ್ಪಿಗೆ ಸಾಕಾಯಿತು. ಹಳತೆಂಬ ಮಾತು ವಸ್ತುವನ್ನು ಬಣ್ಣಿಸುವುದಷ್ಟೇ ಅಲ್ಲ, ನಮಗಾಗಿ ಕಾದವರು ಒಬ್ಬರಿದ್ದರು ಎಂದು ಒಪ್ಪಿಕೊಳ್ಳುತ್ತದೆ. ಅದನ್ನು ಸುಳ್ಳಾಗಿ ಆಡುವವನು ಕಾಯದವರನ್ನು ಕಾದವರ ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸುತ್ತಾನೆ.

ಈ ಲೆಕ್ಕವನ್ನು ನಮ್ಮ ಮನೆಯ ಕಡೆಗೂ ತಿರುಗಿಸಿದರೆ ಇರುಸುಮುರುಸಾಗುತ್ತದೆ. ನಮ್ಮ ಭಾಷೆಗೆ ಒಂದೂವರೆ ಸಾವಿರ ವರ್ಷದ ಶಾಸನವಿದೆ ಎಂದು ನಾವು ವೇದಿಕೆಯ ಮೇಲೆ ನಿಂತು ಹೇಳುತ್ತೇವೆ, ಹೇಳುವುದು ಸುಳ್ಳಲ್ಲ. ಆದರೆ ಆ ಎಣಿಕೆ ಅತ್ಯಂತ ಹಿರಿಯ ಜಾಡಿಯಿಂದ ಮಾಡಿದ್ದು. ಓಕಿನಾವಾದವರ ಹಾಗೆ ಕಿರಿಯದರಿಂದ ಎಣಿಸಿದರೆ? ಬಿ.ಎ. ತರಗತಿಯ ಹುಡುಗನ ಬಾಯಲ್ಲಿ ಪಂಪನ ಒಂದು ಪದ್ಯ ನಿಲ್ಲದೆ ಹೋದರೆ, ಅವನ ಪಾಲಿಗೆ ಕನ್ನಡದ ವಯಸ್ಸು ಎಷ್ಟು? ಅವನನ್ನು ದೂರುವುದರಲ್ಲಿ ಅರ್ಥವಿಲ್ಲ. ಹಳೆಯ ಜಾಡಿಯನ್ನು ಗಾಜಿನ ಕಪಾಟಿನಲ್ಲಿಟ್ಟು, ವರ್ಷಕ್ಕೊಮ್ಮೆ ಹಾರ ಹಾಕಿ, ಅದರಿಂದ ತೆಗೆಯದೆ, ಅದಕ್ಕೆ ತುಂಬದೆ ಇದ್ದರೆ ಏನಾಗುತ್ತದೆಂದು ಶಿತ್ಸುಗಿಯವರು ಬಲ್ಲರು.

ಸೀಸೆಯ ಬೆಲೆ ನ್ಯಾಯವೋ ಅನ್ಯಾಯವೋ ನಾನು ಹೇಳಲಾರೆ. ಕುಡಿಯುವವರು, ಕೊಳ್ಳುವವರು ಹೇಳಬೇಕು. ದುಬಾರಿ ಎಂಬ ಕಾರಣಕ್ಕಾಗಿಯೇ ಕೊಂಡು ಗಾಜಿನ ಬೀರುವಿನಲ್ಲಿ ಮೆರೆಯಿಸುವವರೂ ಇದ್ದಾರೆ. ಅವರು ಕೊಳ್ಳುವುದು ಕಾಲವನ್ನಲ್ಲ, ನೆರೆಯವರ ಕಣ್ಣನ್ನು. ಅದಿರಲಿ. ಅಕ್ಕಿಯ ಅಂಗಡಿಯವನಿಂದ ಹಿಡಿದು ಭಾಷೆಯ ಅಧ್ಯಾಪಕನವರೆಗೆ, ಹಳತನ್ನು ಮಾರಿ ಬದುಕುವ ನಮಗೆಲ್ಲ ಅನ್ವಯಿಸುವ ನೀತಿ ಸಣ್ಣದು. ಕಾದವರ ವರ್ಷಗಳನ್ನು ನಾವು ಹಿಂದಿರುಗಿಸಲಾರೆವು. ಮೂರು ವರ್ಷ ಎಂದು ಬರೆದ ಕಡೆ ಮೂರು ವರ್ಷ ಇರುವಂತೆ ನೋಡಿಕೊಳ್ಳಬಹುದು. ತೆಗೆದುಕೊಂಡಷ್ಟನ್ನು ಕಿರಿಯ ಜಾಡಿಯಿಂದ ತುಂಬಿಡಬಹುದು.